ಜೈಲಿನಲ್ಲಿರುವ ಮನೆಯವರಿಗೆ ದುಡ್ಡು ಮುಟ್ಟಿಸುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಕುಟುಂಬಗಳಿಗಾಗಿ

ಮೊದಲ ಸಲ ಮುಲಾಕಾತಿಗೆ, ಅಂದರೆ ಜೈಲಿನ ಭೇಟಿಗೆ ಹೋದಾಗ ನಮ್ಮ ಅಕ್ಕ ಸೆರಗಿನ ತುದಿಯಲ್ಲಿ ದುಡ್ಡು ಗಂಟು ಹಾಕಿಕೊಂಡಿದ್ದಳು. ಎರಡು ಐನೂರರ ನೋಟು, ಮೂರೋ ನಾಲ್ಕೋ ನೂರರ ನೋಟು. ನೆಲ್ಲು ನಾಟಿಗೆ ಹೋಗಿ ದುಡಿದ ಕೂಲಿ ಅದು. ಗೇಟಿನಲ್ಲಿ ನಿಂತಿದ್ದ ಸಿಬ್ಬಂದಿಯ ಮುಂದೆ ಗಂಟು ಬಿಚ್ಚಿ, "ನನ್ನ ಮಗನ ಕೈಗೆ ಇಷ್ಟು ಕೊಡ್ರಿ ಸಾಹೇಬ್ರ" ಅಂದಳು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದ ಕಿಟಕಿಯ ಕಡೆ ಬೆರಳು ತೋರಿಸಿದರು. ಕಿಟಕಿಯಲ್ಲಿ ಕೈದಿ ನಂಬರ್ ಕೇಳಿದರು. ನಮಗೆ ಹುಡುಗನ ಹೆಸರು ಗೊತ್ತಿತ್ತು, ನಂಬರ್ ಗೊತ್ತಿರಲಿಲ್ಲ. ಅದನ್ನು ಕೇಳಿಕೊಂಡು ಬರುವಷ್ಟರಲ್ಲಿ ದುಡ್ಡು ಕಟ್ಟಿಸಿಕೊಳ್ಳುವ ಹೊತ್ತು ಮುಗಿದಿತ್ತು. ಅದೇ ನೋಟು ಅದೇ ಗಂಟಿನಲ್ಲಿ ಗಂಗಾವತಿ ಬಸ್ಸು ಹತ್ತಿ ವಾಪಸ್ ಬಂತು.

ಆಮೇಲೆ ಎಷ್ಟೋ ಸಲ ಹೋದೆವು. ಪ್ರತಿ ಸಲವೂ ಗೇಟಿನ ಹೊರಗೆ ನಮ್ಮ ಹಾಗೆ ದುಡ್ಡು ಕೈಯಲ್ಲಿ ಹಿಡಿದು ದಿಕ್ಕು ತೋಚದೆ ನಿಂತ ತಾಯಂದಿರು, ಹೆಂಡತಿಯರು ಕಾಣುತ್ತಾರೆ. ಸಿಂಧನೂರಿನಿಂದ, ಕುಷ್ಟಗಿಯಿಂದ, ಸಿರುಗುಪ್ಪದಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು. ಅವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನೋಟು ಕೈಗೆ ಕೊಡುವ ಹಾಗಿಲ್ಲ, ಯಾಕೆ?

ಜೈಲಿನ ಒಳಗೆ ಕೈದಿಯ ಕೈಯಲ್ಲಿ ನಗದು ಇರುವಂತಿಲ್ಲ. ನೀವು ಒಂದು ನೋಟನ್ನು ಅಂಗಿಯ ಮಡಿಕೆಯಲ್ಲೋ, ರೊಟ್ಟಿಯ ನಡುವೆಯೋ ಇಟ್ಟು ಕಳಿಸಿದರೆ ಅದು ನಿಷೇಧಿತ ವಸ್ತು ಆಗುತ್ತದೆ. ಸಿಕ್ಕರೆ ನೋಟು ಹೋಗುತ್ತದೆ, ಭೇಟಿ ನಿಲ್ಲಬಹುದು, ಒಳಗಿರುವವರಿಗೆ ಶಿಕ್ಷೆ ಆಗಬಹುದು, ತಂದವರ ಮೇಲೂ ಕೇಸ್ ಬೀಳಬಹುದು. ತಾಯಿಯ ಪ್ರೀತಿ ಅಂತ ಯಾರೂ ಬಿಡುವುದಿಲ್ಲ.

ಈ ನಿಯಮ ನನಗೂ ಮೊದಲು ಕ್ರೂರ ಅನಿಸಿತ್ತು. ಆಮೇಲೆ ಅರ್ಥ ಆಯಿತು. ಕೈಯಲ್ಲಿ ದುಡ್ಡಿರುವ ಹುಡುಗನ ಸುತ್ತ ಒಳಗೆ ಬಹಳ ಬೇಗ ಜನ ಸೇರುತ್ತಾರೆ. ಒಬ್ಬ ಸಾಲ ಕೇಳುತ್ತಾನೆ, ಒಬ್ಬ ಇಸ್ಪೀಟಿಗೆ ಕರೆಯುತ್ತಾನೆ, ಇನ್ನೊಬ್ಬ ಹೆದರಿಸಿ ಕಸಿಯುತ್ತಾನೆ. ಲೆಕ್ಕದ ಪುಸ್ತಕದಲ್ಲಿರುವ ದುಡ್ಡನ್ನು ಹಾಗೆ ಕಸಿಯಲು ಬರುವುದಿಲ್ಲ. ಅದಕ್ಕೇ ಪ್ರತಿ ಕೈದಿಯ ಹೆಸರಿನಲ್ಲಿ ಒಂದು ಲೆಕ್ಕ ಇಟ್ಟಿರುತ್ತಾರೆ. ಜೈಲಿನ ಭಾಷೆಯಲ್ಲಿ ಅದು ಪಿಪಿಸಿ, ಅಂದರೆ ಕೈದಿಯ ಖಾಸಗಿ ಹಣ. 2024ರ ಆಗಸ್ಟ್‌ನಲ್ಲಿ ಒಬ್ಬ ಸಿನಿಮಾ ನಟರನ್ನು ಬಳ್ಳಾರಿ ಜೈಲಿಗೆ ತಂದಾಗ ಈ ಪದ ಟಿವಿಯಲ್ಲಿ ದಿನವೂ ಕೇಳುತ್ತಿತ್ತು, ನೆನಪಿರಬಹುದು. ಅವರಿಗೆ ಇದ್ದ ಪಿಪಿಸಿಯೇ ನಿಮ್ಮ ಮಗನಿಗೂ ಇರುವುದು. ನೀವು ಕಟ್ಟಿದ ದುಡ್ಡು ಅಲ್ಲಿ ಜಮಾ ಆಗುತ್ತದೆ. ಅವರು ಒಳಗಿನ ಕ್ಯಾಂಟೀನಿನಲ್ಲಿ ಸೋಪು, ಪೇಸ್ಟು, ಕೊಬ್ಬರಿ ಎಣ್ಣೆ, ಬಿಸ್ಕತ್ತು ತಗೊಂಡಾಗ ಅದರಿಂದಲೇ ಕಳೆಯುತ್ತಾರೆ.

ಬಂಧನವಾದ ದಿನ ಜೇಬಿನಲ್ಲಿದ್ದ ದುಡ್ಡು, ಉಂಗುರ, ವಾಚು ಇದ್ದರೆ ಒಳಗೆ ಹೋಗುವಾಗಲೇ ರಿಜಿಸ್ಟರಿನಲ್ಲಿ ಬರೆದು ಇಟ್ಟುಕೊಂಡಿರುತ್ತಾರೆ. ಅದು ಏನೇನಿದೆ ಅಂತ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ. ಬಂಗಾರದ ಸಾಮಾನು ಮನೆಗೆ ಒಯ್ಯಬೇಕೆಂದರೆ ಒಳಗಿರುವವರು ಒಪ್ಪಿ ಸಹಿ ಹಾಕಿದ ಅರ್ಜಿ ಬೇಕಾಗುತ್ತದೆ.

ಮೊದಲ ಕೆಲಸ: ಯಾವ ಜೈಲು, ಯಾವ ನಂಬರ್

ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಅರ್ಧ ಜನ ಇಲ್ಲೇ ಎಡವುತ್ತಾರೆ.

ಬಳ್ಳಾರಿಯಲ್ಲಿರುವುದು ಕೇಂದ್ರ ಕಾರಾಗೃಹ. ರಾಯಚೂರು ಮತ್ತು ಕೊಪ್ಪಳದಲ್ಲಿರುವುದು ಜಿಲ್ಲಾ ಕಾರಾಗೃಹ. ಕೇಸು ಕೊಪ್ಪಳದ ಕೋರ್ಟಿನಲ್ಲಿದೆ ಅಂದಮಾತ್ರಕ್ಕೆ ಮನುಷ್ಯ ಕೊಪ್ಪಳದ ಜೈಲಿನಲ್ಲೇ ಇರುತ್ತಾನೆ ಅಂತಲ್ಲ. ಶಿಕ್ಷೆ ಆದ ಮೇಲೆ, ಜಾಗ ಸಾಲದಾಗ, ಜಗಳ ಆದಾಗ ಬೇರೆ ಕಡೆ ಕಳಿಸುತ್ತಾರೆ. ಹೊರಡುವ ಮುಂಚೆ ವಕೀಲರಿಗೋ ಜೈಲಿಗೋ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ರಾಯಚೂರಿನಿಂದ ಮಾನ್ವಿ, ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ಬಂದು, "ನಿಮ್ಮವರು ಇಲ್ಲಿಲ್ಲ" ಅನ್ನಿಸಿಕೊಳ್ಳುವುದು ಬೇಡ.

ನಂಬರ್ ವಿಷಯಕ್ಕೆ ಬಂದರೆ, ವಿಚಾರಣೆ ನಡೆಯುತ್ತಿರುವವರಿಗೆ ವಿಚಾರಣಾಧೀನ ಕೈದಿ ಸಂಖ್ಯೆ ಇರುತ್ತದೆ. ಸಿಬ್ಬಂದಿ ಯುಟಿಪಿ ನಂಬರ್ ಅಂತ ಕರೆಯುತ್ತಾರೆ. ಶಿಕ್ಷೆ ಆದವರ ನಂಬರ್ ಬೇರೆ. ಅಂದರೆ ಶಿಕ್ಷೆ ಆದ ದಿನದಿಂದ ಹಳೆ ನಂಬರ್ ನಡೆಯುವುದಿಲ್ಲ. ಜೈಲು ಬದಲಾದರೂ ಹೊಸ ನಂಬರ್ ಬರುತ್ತದೆ. ನಮ್ಮ ಕಡೆ ಮಂಜುನಾಥ, ಹುಸೇನಪ್ಪ, ಯಮನೂರಪ್ಪ, ಹನುಮಂತ ಅಂತ ಒಂದೇ ಹೆಸರಿನವರು ಒಂದೊಂದು ಬ್ಯಾರಕ್ಕಿನಲ್ಲೂ ಇರುತ್ತಾರೆ. ಹಾಗಾಗಿ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ: ಕೋರ್ಟ್ ಕಾಗದದಲ್ಲಿ ಇರುವ ಹಾಗೆಯೇ ಪೂರ್ತಿ ಹೆಸರು, ತಂದೆಯ ಹೆಸರು, ಕೈದಿ ನಂಬರ್, ಪೊಲೀಸ್ ಠಾಣೆ, ಕ್ರೈಂ ನಂಬರ್ (ಎಫ್‌ಐಆರ್ ನಂಬರ್). ಈ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಮ್ಮ ಅಕ್ಕನಿಗೆ ಓದಲು ಬರುವುದಿಲ್ಲ. ಅವಳು ಚೀಟಿಯನ್ನು ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಟ್ಟಿದ್ದಾಳೆ. ಕಿಟಕಿಯಲ್ಲಿ ಕವರನ್ನೇ ಒಳಗೆ ಚಾಚುತ್ತಾಳೆ. ಒಂದು ಮಾತೂ ಆಡಬೇಕಾಗಿಲ್ಲ.

ಹೊರಡುವ ಮುಂಚೆ

ಆಧಾರ್ ಅಥವಾ ವೋಟರ್ ಐಡಿ ಅಸಲಿಯೇ ಬೇಕು, ಜೊತೆಗೆ ಎರಡು ಜೆರಾಕ್ಸ್. ಜೆರಾಕ್ಸನ್ನು ಊರಲ್ಲೇ ಮಾಡಿಸಿಕೊಳ್ಳಿ.

ಭೇಟಿಯ ದಿನ, ಹೊತ್ತು, ಒಂದು ವಾರಕ್ಕೆ ಎಷ್ಟು ಸಲ ಅನ್ನುವುದು ವಿಚಾರಣಾಧೀನರಿಗೆ ಒಂದು ಥರ, ಶಿಕ್ಷೆಯಾದವರಿಗೆ ಇನ್ನೊಂದು ಥರ ಇರುತ್ತದೆ. ಸರ್ಕಾರಿ ರಜೆ ದಿನ ಹೋಗಬೇಡಿ. ಇ-ಮುಲಾಕಾತ್ ಅಂತ ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ಜಾಲತಾಣದಲ್ಲಿ ಭೇಟಿಗೆ ಮೊದಲೇ ಹೆಸರು ನೋಂದಾಯಿಸಬಹುದು. ನಿಮ್ಮ ಹೆಸರು, ವಿಳಾಸ, ಮೊಬೈಲ್, ಇಮೇಲ್, ಗುರುತಿನ ಚೀಟಿಯ ನಂಬರ್ ಕೇಳುತ್ತದೆ. ಆಮೇಲೆ ರಾಜ್ಯ, ಜೈಲು, ಒಳಗಿರುವವರ ಹೆಸರು, ಅವರ ತಂದೆಯ ಹೆಸರು, ನಿಮಗೂ ಅವರಿಗೂ ಇರುವ ಸಂಬಂಧ. ಎದುರಾಬದುರು ಭೇಟಿಯೋ ವಿಡಿಯೋ ಭೇಟಿಯೋ ಅಂತ ಆರಿಸಬೇಕು. ಒಟಿಪಿ ಬರುವುದರಿಂದ ಮೊಬೈಲ್ ಕೈಯಲ್ಲೇ ಇರಲಿ. ಸ್ಮಾರ್ಟ್‌ಫೋನ್ ಗೊತ್ತಿಲ್ಲದವರು ಕಾಲೇಜು ಓದುವ ಹುಡುಗರ ಹತ್ತಿರ ಮಾಡಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಮಂಜೂರಾಯಿತೋ ಇಲ್ಲವೋ ಅಂತ ನೋಡಿಕೊಂಡೇ ಬಸ್ಸು ಹತ್ತಿ.

ವಿಡಿಯೋ ಭೇಟಿಯನ್ನು ನಾನು ವಿಶೇಷವಾಗಿ ಹೇಳುತ್ತೇನೆ. ದುಡ್ಡು ಉಳಿಯುವುದೂ ದುಡ್ಡು ಕಳಿಸಿದ ಹಾಗೇ ಅಲ್ವಾ? ಒಂದು ಸಲ ಎದುರು ಹೋಗಿ ನೋಡಿ, ಮುಂದಿನ ಸಲ ವಿಡಿಯೋದಲ್ಲಿ ಮಾತಾಡಿದರೆ ಒಂದು ದಿನದ ಕೂಲಿ ಮನೆಯಲ್ಲಿ ಉಳಿಯುತ್ತದೆ.

ಬಸ್ಸಿನ ಖರ್ಚು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ರಾಜಹಂಸ, ಸ್ಲೀಪರ್ ಬಸ್ಸಿಗೆ ಇದು ನಡೆಯುವುದಿಲ್ಲ. ಆಧಾರ್ ಹೇಗಿದ್ದರೂ ಜೊತೆಗೇ ಇರುತ್ತದೆ. ಹಾಗಾಗಿ ಭೇಟಿಗೆ ಹೆಂಗಸರು ಹೋಗಿ, ಗಂಡಸಿನ ಟಿಕೆಟ್ ದುಡ್ಡನ್ನು ಪಿಪಿಸಿಗೆ ಕಟ್ಟುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಒಳ್ಳೆ ಲೆಕ್ಕ ಅದು.

ಕಿಟಕಿಯಲ್ಲಿ ದುಡ್ಡು ಕಟ್ಟುವುದು

ಬೆಳಿಗ್ಗೆ ಬೇಗ ತಲುಪಿ. ಗೇಟಿನ ಹೊರಗೆ ಬೋರ್ಡ್ ಹಾಕಿರುತ್ತಾರೆ. ಏನು ತರಬಹುದು, ಏನು ತರಬಾರದು, ದುಡ್ಡು ಎಷ್ಟು ಹೊತ್ತಿಗೆ ಕಟ್ಟಬೇಕು ಅಂತ ಅದರಲ್ಲಿ ಇರುತ್ತದೆ. ಮೂರು ಜೈಲುಗಳ ಪದ್ಧತಿ ಅಲ್ಪಸ್ವಲ್ಪ ಬೇರೆ ಬೇರೆ, ಅದಕ್ಕೇ ಬೋರ್ಡನ್ನು ಒಂದು ಸಲ ಪೂರ್ತಿ ಓದಿ, ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿ.

ಭೇಟಿಗಿಂತ ಮುಂಚೆ ದುಡ್ಡು ಕಟ್ಟುವುದು ಒಳ್ಳೆಯದು. ಭೇಟಿ ಮುಗಿಯುವ ಹೊತ್ತಿಗೆ ಕಣ್ಣು ತುಂಬಿರುತ್ತದೆ, ತಲೆ ಓಡುವುದಿಲ್ಲ, ಕಿಟಕಿಯೂ ಮುಚ್ಚಿರಬಹುದು. ನಾವು ಮೊದಲ ಸಲ ಕಲಿತದ್ದು ಅದನ್ನೇ. ಇನ್ನೊಂದು ಲಾಭವೂ ಇದೆ. ಮೊದಲೇ ಕಟ್ಟಿದ್ದರೆ ಭೇಟಿಯಲ್ಲಿ "ಇವತ್ತು ಇಷ್ಟು ಕಟ್ಟಿದ್ದೇವೆ" ಅಂತ ಬಾಯಿಂದ ಹೇಳಬಹುದು. ಒಳಗಿರುವವರು ತಮ್ಮ ಲೆಕ್ಕಕ್ಕೆ ಬಂತೋ ಇಲ್ಲವೋ ನೋಡಿಕೊಳ್ಳುತ್ತಾರೆ.

ಚಿಲ್ಲರೆ ಸರಿ ಇರಲಿ. ಕಟ್ಟಿದ ಮೇಲೆ ರಸೀದಿ ಕೇಳಿ ಪಡೆಯಿರಿ. ಕಿಟಕಿ ಬಿಟ್ಟು ಸರಿಯುವ ಮುಂಚೆ ಮೂರು ವಿಷಯ ನೋಡಿ. ನಂಬರ್ ಸರಿ ಇದೆಯಾ, ಮೊತ್ತ ಸರಿ ಇದೆಯಾ, ತಾರೀಖು ಇದೆಯಾ. ನಂಬರಿನಲ್ಲಿ ಒಂದು ಅಂಕಿ ಆಚೀಚೆ ಆದರೂ ದುಡ್ಡು ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ. ಅಲ್ಲೇ ಹೇಳಿದರೆ ಅಲ್ಲೇ ಸರಿಮಾಡುತ್ತಾರೆ. ಎರಡು ತಿಂಗಳು ಬಿಟ್ಟು ಬಂದರೆ ಅರ್ಜಿ ಬರೆಯಬೇಕು, ಅಲೆಯಬೇಕು. ರಸೀದಿಗಳನ್ನು ಬಿಸಾಡಬೇಡಿ, ಬಿಡುಗಡೆ ಆಗುವ ತನಕ ಒಂದೇ ಕವರಿನಲ್ಲಿ ಇಡಿ.

ಒಂದೇ ಸಲಕ್ಕೆ ಎಷ್ಟು ಕಟ್ಟಬಹುದು, ತಿಂಗಳಿಗೆ ಕ್ಯಾಂಟೀನಿನಲ್ಲಿ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಅದನ್ನು ಕಿಟಕಿಯಲ್ಲೇ ಕೇಳಿ. ಆನ್‌ಲೈನ್ ಮೂಲಕ ಕಟ್ಟುವ ದಾರಿ ಇದೆಯಾ ಅಂತಲೂ ಕೇಳಿ. ಇದ್ದರೆ ಆ ವಿವರವನ್ನು ಕಿಟಕಿಯ ಸಿಬ್ಬಂದಿಯಿಂದ ಮಾತ್ರ ಪಡೆಯಿರಿ. ಹೊರಗೆ ನಿಂತವರು, ವಾಟ್ಸಪ್ಪಿನಲ್ಲಿ ಕಳಿಸಿದವರು, "ನನ್ನ ತಮ್ಮನೂ ಒಳಗಿದ್ದಾನೆ" ಅನ್ನುವವರು ಕೊಡುವ ಯಾವ ನಂಬರಿಗೂ ಒಂದು ರೂಪಾಯಿ ಹಾಕಬೇಡಿ.

ಅಂಚೆ ಕಚೇರಿಯ ಮನಿ ಆರ್ಡರ್

ಪ್ರತಿ ಸಲ ಹೋಗಲು ಆಗದವರಿಗೆ ಇದು ಹಳೆಯ, ನಂಬಿಕೆಯ ದಾರಿ. ಈಗಿನದು ಇ-ಮನಿ ಆರ್ಡರ್. ಒಂದು ಫಾರಂಗೆ ಹೆಚ್ಚೆಂದರೆ 5,000 ರೂಪಾಯಿ ಕಳಿಸಬಹುದು. ಕಮಿಷನ್ ಪ್ರತಿ 20 ರೂಪಾಯಿಗೆ 1 ರೂಪಾಯಿ. 500 ಕಳಿಸಿದರೆ 25, ಸಾವಿರ ಕಳಿಸಿದರೆ 50. ಈಗ ಲೆಕ್ಕ ಹಾಕಿ. ಮಾನ್ವಿಯಿಂದಲೋ ಯಲಬುರ್ಗಾದಿಂದಲೋ ಬಳ್ಳಾರಿಗೆ ಹೋಗಿ ಬರುವ ಊಟ, ಆಟೋ, ಒಂದು ದಿನದ ಕೂಲಿಯ ಮುಂದೆ ಆ 50 ರೂಪಾಯಿ ಏನೂ ಅಲ್ಲ.

ಫಾರಂ ತುಂಬುವಾಗ ಹುಷಾರು. ಪಡೆಯುವವರ ಜಾಗದಲ್ಲಿ ಒಳಗಿರುವವರ ಪೂರ್ತಿ ಹೆಸರು, ತಂದೆಯ ಹೆಸರು, ಕೈದಿ ನಂಬರ್ ಬರೆಯಿರಿ. ಕೆಳಗೆ "ಮುಖ್ಯ ಅಧೀಕ್ಷಕರು, ಕೇಂದ್ರ ಕಾರಾಗೃಹ, ಬಳ್ಳಾರಿ ಇವರ ಮೂಲಕ" ಅಂತ ಬರೆಯಿರಿ. ರಾಯಚೂರು, ಕೊಪ್ಪಳ ಆದರೆ "ಅಧೀಕ್ಷಕರು, ಜಿಲ್ಲಾ ಕಾರಾಗೃಹ". ಪಿನ್ ಕೋಡನ್ನು ಜೈಲಿನಲ್ಲೇ ಕೇಳಿ ಬರೆದಿಟ್ಟುಕೊಂಡಿರಿ. ಕಳಿಸುವವರ ಜಾಗದಲ್ಲಿ ನಿಮ್ಮ ಹೆಸರು, ಊರು, ಮೊಬೈಲ್ ಸ್ಪಷ್ಟವಾಗಿರಲಿ. ದುಡ್ಡು ತಲುಪದಿದ್ದರೆ ವಾಪಸ್ ಬರುವುದು ಆ ವಿಳಾಸಕ್ಕೇ.

ನಾನು ಒಮ್ಮೆ ನಂಬರ್ ಬರೆಯುವುದನ್ನೇ ಮರೆತಿದ್ದೆ. ಹೆಸರು, ಜೈಲಿನ ವಿಳಾಸ ಸರಿ ಇತ್ತು. ಎರಡು ವಾರ ಕಳೆದ ಮೇಲೆ ಪೋಸ್ಟ್‌ಮ್ಯಾನ್ ಅದೇ ದುಡ್ಡು ತಂದು ಮನೆ ಬಾಗಿಲಲ್ಲಿ ಎಣಿಸಿ ಕೊಟ್ಟ. ಆ ಎರಡು ವಾರ ಹುಡುಗ ಪಕ್ಕದವನ ಸೋಪಿನಲ್ಲಿ ಸ್ನಾನ ಮಾಡಿದ್ದ. ಅದನ್ನು ಅವನು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಮನಿ ಆರ್ಡರ್ ಜೊತೆ ಒಂದು ಕಾಗದ ಬೇರೆಯಾಗಿ ಬರೆಯಿರಿ. "ಇಂಥ ತಾರೀಖಿಗೆ ಇಷ್ಟು ಕಳಿಸಿದ್ದೇವೆ" ಅಂತ ಇದ್ದರೆ ಅವರಿಗೆ ವಿಚಾರಿಸಲು ಆಧಾರ ಇರುತ್ತದೆ. ಕಾಗದವನ್ನು ತೆರೆದು ಓದುತ್ತಾರೆ, ಹಾಗಾಗಿ ಕೇಸಿನ ವಿಷಯ ಬರೆಯಬೇಡಿ. ಮನೆ ಸುದ್ದಿ ಬರೆಯಿರಿ. ಎಮ್ಮೆ ಈಯಿತು, ಮಳೆ ಬಂತು, ಸಣ್ಣವಳು ಶಾಲೆಗೆ ಹೋಗುತ್ತಿದ್ದಾಳೆ. ಒಳಗೆ ಅದನ್ನು ಹತ್ತು ಸಲ ಓದುತ್ತಾರೆ.

ಎಷ್ಟು ಕಳಿಸಬೇಕು?

ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ನನ್ನ ಉತ್ತರ: ಸ್ವಲ್ಪ, ಆದರೆ ತಪ್ಪದೆ.

ಒಳಗೆ ಊಟ ಸರ್ಕಾರದ್ದು. ಹಾಸಿಗೆ, ಔಷಧಿ ಸರ್ಕಾರದ್ದು. ಪಿಪಿಸಿ ದುಡ್ಡು ಬೇಕಾಗುವುದು ಸೋಪು, ಪೇಸ್ಟು, ಎಣ್ಣೆ, ಒಂದು ಬಿಸ್ಕತ್ತು ಪ್ಯಾಕೆಟ್, ಜೈಲಿನ ಫೋನಿನಿಂದ ಮನೆಗೆ ಮಾಡುವ ಕರೆ, ಇಂಥವಕ್ಕೆ. ಹೊಸದಾಗಿ ಹೋದವರಿಗೆ ಮೊದಲ ತಿಂಗಳು ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ಬಕೆಟು, ಮಗ್ಗು, ಚಪ್ಪಲಿ ಎಲ್ಲ ಹೊಸದಾಗಿ ಆಗಬೇಕು. ಆಮೇಲೆ ಖರ್ಚು ಇಳಿಯುತ್ತದೆ. ಒಂದೇ ಸಲಕ್ಕೆ ದೊಡ್ಡ ಮೊತ್ತ ಹಾಕಬೇಡಿ. ಯಾರ ಲೆಕ್ಕದಲ್ಲಿ ಜಾಸ್ತಿ ಇದೆ ಅನ್ನುವ ಸುದ್ದಿ ಒಳಗೆ ಬೇಗ ಹರಡುತ್ತದೆ. ಆಗ "ನನಗೂ ತಂದುಕೊಡು" ಅನ್ನುವವರು ಜಾಸ್ತಿ ಆಗುತ್ತಾರೆ. ತಿಂಗಳಿಗೆ 500 ಅಂತ ಹನ್ನೆರಡು ತಿಂಗಳು ಕಳಿಸುವುದು, ಒಂದೇ ಸಲ 6,000 ಹಾಕಿ ಆಮೇಲೆ ಕೈಚೆಲ್ಲುವುದಕ್ಕಿಂತ ಎಷ್ಟೋ ಮೇಲು. ತಿಂಗಳು ತಿಂಗಳು ಬರುವ ದುಡ್ಡು ಮನೆಯವರು ಮರೆತಿಲ್ಲ ಅಂತಲೂ ಹೇಳುತ್ತದೆ.

ನಮ್ಮ ಕಡೆ ಎಷ್ಟೋ ತಾಯಂದಿರು ಗೃಹಲಕ್ಷ್ಮಿಯ 2,000 ಬಂದಾಗ ಅದರಲ್ಲಿ 500 ಎತ್ತಿ ಜೈಲಿಗೆ ಇಡುತ್ತಾರೆ. ಅಲ್ಲಿಗೆ ನಿಲ್ಲಿಸಿ ಅಂತ ಕೈಮುಗಿದು ಕೇಳುತ್ತೇನೆ. ಬಡ್ಡಿಗೆ ಸಾಲ ತಂದು, ಕಿವಿಯ ಓಲೆ ಅಡ ಇಟ್ಟು ಪಿಪಿಸಿಗೆ ದುಡ್ಡು ಹಾಕಬೇಡಿ. ಒಂದು ಮನೆಯಲ್ಲಿ ಗಂಡನ ಕ್ಯಾಂಟೀನ್ ಖರ್ಚಿಗೆ ಅಂತ ಮಗಳ ಕಾಲೇಜು ಬಿಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಮನುಷ್ಯ ಹೊರಗೆ ಬಂದ ಮೇಲೆ ವಿಷಯ ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತ. ಮನೆಯ ಪರಿಸ್ಥಿತಿ ಇದ್ದದ್ದನ್ನು ಇದ್ದ ಹಾಗೆ ಒಳಗಿರುವವರಿಗೆ ಹೇಳಿ. "ಈ ತಿಂಗಳು ಬರೀ ಮುನ್ನೂರು" ಅಂದರೆ ಅವರು ಅದರಲ್ಲೇ ತೂಗಿಸಿಕೊಳ್ಳುತ್ತಾರೆ.

ತಾಯಿಯೇ ಒಳಗಿದ್ದು, ಜೊತೆಗೆ ಸಣ್ಣ ಮಗು ಇದ್ದರೆ ಮಾತು ಬೇರೆ. ಆರು ವರ್ಷದೊಳಗಿನ ಮಗು ತಾಯಿಯ ಜೊತೆ ಒಳಗೆ ಇರಬಹುದು. ಮಗುವಿಗೆ ಹಾಲು, ಬಟ್ಟೆ, ಔಷಧಿ ಜೈಲಿನಿಂದಲೇ ಸಿಗಬೇಕು. ಸಿಗುತ್ತಿಲ್ಲ ಅನಿಸಿದರೆ ದುಡ್ಡು ಹೆಚ್ಚಿಸುವ ಬದಲು, ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ.

ಶಿಕ್ಷೆ ಆಗಿ ಒಳಗೆ ಕೆಲಸ ಮಾಡುವವರಿಗೆ ಕೂಲಿ ಬರುತ್ತದೆ. ಕರ್ನಾಟಕದಲ್ಲಿ ಕೆಲ ವರ್ಷಗಳ ಹಿಂದೆ ಕೂಲಿ ಹೆಚ್ಚಿಸಿದಾಗ ಕುಶಲವಲ್ಲದ ಕೆಲಸಕ್ಕೇ ದಿನಕ್ಕೆ 524 ರೂಪಾಯಿ ಆಯಿತು. ಇದರಲ್ಲಿ ಕಡಿತಗಳಿರುತ್ತವೆ, ಪೂರ್ತಿ ಕೈಗೆ ಬರುವುದಿಲ್ಲ. ಆದರೂ ಅಂಥವರಿಗೆ ಮನೆಯಿಂದ ದುಡ್ಡು ಕಳಿಸುವ ಅಗತ್ಯ ಕಡಿಮೆ. ಅವರೇ ಮನೆಗೆ ಕಳಿಸಲು ಅರ್ಜಿ ಕೊಡಬಹುದು. ಇದನ್ನು ಒಂದು ಸಲ ಅವರ ಹತ್ತಿರ ಕೇಳಿ ನೋಡಿ, ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ.

ಇಲ್ಲಿ ಮೋಸ ಹೋಗಬೇಡಿ

ನಮ್ಮ ಹುಡುಗ ಒಳಗೆ ಹೋದ ಒಂದು ತಿಂಗಳಿಗೆ ಅಕ್ಕನ ಮೊಬೈಲಿಗೆ ಫೋನ್ ಬಂತು. "ನಿಮ್ಮ ಮಗನಿಗೆ ಹುಷಾರಿಲ್ಲ, ಹೊರಗಿನ ಆಸ್ಪತ್ರೆಗೆ ಒಯ್ಯಬೇಕು, ತಕ್ಷಣ 4,000 ಫೋನ್‌ಪೇ ಮಾಡಿ." ಗಂಡಸಿನ ದನಿ, ಅವಸರದ ಮಾತು. ಅಕ್ಕ ಪಕ್ಕದ ಮನೆ ಹುಡುಗನ ಕೈಯಿಂದ ಹಾಕಿಸಿಬಿಟ್ಟಳು. ಮರುದಿನ ಓಡಿಹೋಗಿ ನೋಡಿದರೆ ಹುಡುಗ ಗಟ್ಟಿಮುಟ್ಟಾಗಿದ್ದ. ಫೋನ್ ಮಾಡಿದವನು ಯಾರು ಅಂತ ಕೊನೆಗೂ ತಿಳಿಯಲಿಲ್ಲ.

ನೆನಪಿಡಿ. ಕೈದಿಯ ಚಿಕಿತ್ಸೆಗೆ ದುಡ್ಡು ಕೊಡಬೇಕಾದದ್ದು ಸರ್ಕಾರ. ಅದಕ್ಕಾಗಿ ಯಾರೂ ಮನೆಗೆ ಫೋನ್ ಮಾಡಿ ಯುಪಿಐ ಕೇಳುವುದಿಲ್ಲ. ಬ್ಯಾರಕ್ ಬದಲಿಸುತ್ತೇವೆ, ಜಾಮೀನು ಬೇಗ ಮಾಡಿಸುತ್ತೇವೆ, ಒಳ್ಳೆ ಊಟ ಕೊಡಿಸುತ್ತೇವೆ ಅಂತ ಬರುವ ಕರೆಗಳೂ ಹೀಗೇ. ಇಂಥ ಫೋನ್ ಬಂದರೆ ಇಟ್ಟುಬಿಡಿ. ಜೈಲಿನ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ದುಡ್ಡು ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ವಾಪಸ್ ಸಿಗುವ ಆಸೆ ಇರುತ್ತದೆ. ನಾವು ಮೂರು ದಿನ ತಡ ಮಾಡಿದ್ದೆವು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕೆಲವೊಮ್ಮೆ ಕೇಳುವವನು ಒಳಗಿರುವ ನಮ್ಮವನೇ ಆಗಿರುತ್ತಾನೆ. "ಇಂಥವರ ಹೆಂಡತಿಯ ನಂಬರಿಗೆ 2,000 ಹಾಕಿಬಿಡಿ" ಅನ್ನುತ್ತಾನೆ. ದನಿಯಲ್ಲಿ ಹೆದರಿಕೆ ಇರುತ್ತದೆ. ಒಳಗೆ ಸಾಲ ಆಗಿದೆ, ಇಲ್ಲವೇ ಯಾರೋ ಹೆದರಿಸಿದ್ದಾರೆ ಅಂತ ಅರ್ಥ. ಒಮ್ಮೆ ಹಾಕಿದರೆ ಮುಂದಿನ ವಾರ ಮತ್ತೆ ಕೇಳುತ್ತಾರೆ, ಮೊತ್ತ ಏರುತ್ತದೆ. ಅವನ ಮೇಲೆ ಸಿಟ್ಟು ಮಾಡಬೇಡಿ, ಹಾಗಂತ ದುಡ್ಡೂ ಹಾಕಬೇಡಿ. ವಕೀಲರಿಗೆ ಹೇಳಿ. ಭೇಟಿಗೆ ಹೋದಾಗ ಅಧೀಕ್ಷಕರನ್ನು ಕಂಡು ಹೇಳಿ, ಇಲ್ಲವೇ ಲಿಖಿತವಾಗಿ ಕೊಡಿ. ಅದೂ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಅರ್ಜಿ ಬರೆಯಿರಿ. ಅವರು ನ್ಯಾಯಾಧೀಶರು, ಜೈಲಿಗೆ ಭೇಟಿ ಕೊಡುತ್ತಾರೆ, ಅವರ ಮಾತಿಗೆ ತೂಕ ಇದೆ.

ಜಾಮೀನಿನ ದುಡ್ಡು ಇಲ್ಲದಿದ್ದರೆ

ಪಿಪಿಸಿಗೆ ವರ್ಷಗಟ್ಟಲೆ ದುಡ್ಡು ಹಾಕುತ್ತಾ ಕೂರುವುದಕ್ಕಿಂತ ಹೊರಗೆ ತರುವುದು ಮುಖ್ಯ ಅಲ್ವಾ? ಜಾಮೀನು ಸಿಕ್ಕಿಯೂ ದುಡ್ಡು ಕಟ್ಟಲು ಆಗದೆ ಒಳಗೇ ಉಳಿದವರು ಬಹಳ ಜನ.

ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಯೋಜನೆ 2023ರಿಂದ ಇದೆ. ಜಾಮೀನಿನ ಮೊತ್ತ ಕಟ್ಟಲಾಗದ ವಿಚಾರಣಾಧೀನರಿಗೆ, ದಂಡ ಕಟ್ಟಲಾಗದೆ ಉಳಿದ ಶಿಕ್ಷಿತರಿಗೆ ನೆರವು ಸಿಗಬಹುದು. 2023ರಲ್ಲಿ ಶುರುವಾದಾಗ ವಿಚಾರಣಾಧೀನರಿಗೆ 40,000 ರೂಪಾಯಿ ತನಕ, ಶಿಕ್ಷಿತರಿಗೆ 25,000 ತನಕ ಅಂತ ಇತ್ತು. ಭ್ರಷ್ಟಾಚಾರ, ಮಾದಕ ವಸ್ತುವಿನಂಥ ಕೆಲವು ಕೇಸುಗಳಿಗೆ ಇದು ಇಲ್ಲ. ದುಡ್ಡು ನಿಮ್ಮ ಕೈಗೆ ಬರುವುದಿಲ್ಲ, ಕೋರ್ಟಿಗೇ ಕಟ್ಟುತ್ತಾರೆ. ಜಿಲ್ಲಾ ಮಟ್ಟದ ಸಮಿತಿ ತೀರ್ಮಾನಿಸುತ್ತದೆ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿರುವ ಹಾಗೆ, ಜಾಮೀನು ಆದೇಶ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅವರು ತಿಳಿಸಲಿ ಅಂತ ಸುಮ್ನೆ ಕಾಯಬೇಡಿ. ಜಾಮೀನು ಆದೇಶದ ನಕಲು ಹಿಡಿದು ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ಕೋರ್ಟ್ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ನೀವೇ ಹೋಗಿ. ಫೋನಿನಲ್ಲಿ ಕೇಳಬೇಕೆಂದರೆ 15100. ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಇದು ದಾನ ಅಲ್ಲ, ಹಕ್ಕು. ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ.

ಕೇಸು ಹಳೆಯದಾಗಿದ್ದರೆ ಇನ್ನೊಂದು ಮಾತನ್ನು ವಕೀಲರಿಗೆ ಕೇಳಿ. ಹೊಸ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾಯ್ದೆಯ 479ನೇ ಕಲಂ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೆ ಕಳೆದ ವಿಚಾರಣಾಧೀನರು ಜಾಮೀನಿಗೆ ಅರ್ಹರು. ಹಿಂದೆ ಎಂದೂ ಶಿಕ್ಷೆ ಆಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಇರುವ ಕೇಸುಗಳಿಗೆ ಇದು ಅನ್ವಯ ಆಗುವುದಿಲ್ಲ. ಒಬ್ಬರ ಮೇಲೆ ಒಂದಕ್ಕಿಂತ ಜಾಸ್ತಿ ಕೇಸು ನಡೆಯುತ್ತಿದ್ದರೂ ಇದು ಸಿಗುವುದಿಲ್ಲ.

ಜೈಲು ಬದಲಾದರೆ, ಬಿಡುಗಡೆ ಆದರೆ

ಬೇರೆ ಜೈಲಿಗೆ ಕಳಿಸಿದಾಗ ಪಿಪಿಸಿಯಲ್ಲಿ ಉಳಿದ ದುಡ್ಡು ಹಿಂದೆಯೇ ಅಲ್ಲಿಗೆ ಹೋಗಬೇಕು. ಆದರೆ ಮನುಷ್ಯ ಹೋದಷ್ಟು ಬೇಗ ಲೆಕ್ಕ ಹೋಗುವುದಿಲ್ಲ. ನಡುವಿನ ದಿನಗಳಿಗೆ ಹೊಸ ಜೈಲಿನಲ್ಲಿ ಮುನ್ನೂರು ನಾನೂರು ಕಟ್ಟಿಬಿಡಿ. ಹಳೆ ಜೈಲಿನ ಕೊನೆಯ ರಸೀದಿಯ ಜೆರಾಕ್ಸ್ ಹೊಸ ಜೈಲಿನಲ್ಲಿ ತೋರಿಸಿ, ಉಳಿದ ಮೊತ್ತ ಬಂತಾ ಅಂತ ತಿಂಗಳಿಗೊಮ್ಮೆ ಕೇಳಿ.

ಬಿಡುಗಡೆಯ ದಿನ ಉಳಿದ ದುಡ್ಡನ್ನು ಲೆಕ್ಕ ಮಾಡಿ ಅವರ ಕೈಗೇ ಕೊಡುತ್ತಾರೆ. ಒಳಗೆ ಹೋಗುವಾಗ ಬರೆದುಕೊಂಡ ಸಾಮಾನೂ ವಾಪಸ್ ಬರುತ್ತದೆ. ಸಹಿ ಮಾಡುವ ಮುಂಚೆ ಎಣಿಸಿಕೊಳ್ಳಲಿ, ಅವಸರ ಬೇಡ. ಬಿಡುಗಡೆ ಹೆಚ್ಚಾಗಿ ಸಂಜೆ ಹೊತ್ತಿಗೆ ಆಗುತ್ತದೆ. ಕತ್ತಲಾದ ಮೇಲೆ ಹಳ್ಳಿಗೆ ಬಸ್ಸು ಇರುವುದಿಲ್ಲ. ಯಾರಾದರೂ ಒಬ್ಬರು ಗೇಟಿನಲ್ಲಿ ಇರಿ. ಒಂದು ಜೊತೆ ಬಟ್ಟೆ, ಚಪ್ಪಲಿ, ಬಸ್ ಖರ್ಚು ತಂದಿರಿ.

ನಮ್ಮ ಹುಡುಗ ಹೊರಗೆ ಬಂದ ದಿನ ಅವನ ಕೈಯಲ್ಲಿ 340 ರೂಪಾಯಿ ಇತ್ತು. ಅಕ್ಕ ಕವರ್ ತೆಗೆದು ಎಲ್ಲ ರಸೀದಿಗಳನ್ನೂ ನನ್ನ ಕೈಗೆ ಕೊಟ್ಟಳು, ಕೂಡಿಸಿ ನೋಡು ಅಂದಳು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಕೂಡಿಸಿದೆ. ಲೆಕ್ಕ ಸರಿ ಇತ್ತು. ಅವನು ಆ ದುಡ್ಡಿನಲ್ಲಿ ಮೂವರಿಗೂ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಂದ.